ಮೂರನೆಯವನನ್ನೇ ಕೇಳಿ

ಅಮೆರಿಕದ ಬೇಸ್‌ಬಾಲ್ ಕ್ಲಬ್ಬೊಂದು ಮೂವರು ಹುಡುಗರ ವಿಡಿಯೊ ಕಳಿಸಿ, ಇವರಲ್ಲಿ ಯಾರನ್ನು ತೆಗೆದುಕೊಂಡರೆ ಒಳ್ಳೆಯದು ಹೇಳಿ ಎಂದು ನಮ್ಮನ್ನು ಕೇಳಿದ ದಿನ ನನಗೆ ಖುಷಿಗಿಂತ ಸಿಟ್ಟೇ ಹೆಚ್ಚು ಬಂದಿತ್ತು. ಇಷ್ಟು ಕಾಲ ಏನು ಮಾಡುತ್ತಿದ್ದರು ಇವರು? ಅವರ ಆಟಗಾರರು ಎಸೆದ ಒಂದೊಂದು ಚೆಂಡನ್ನೂ ಅವರಿಗಿಂತ ಹೆಚ್ಚು ಸಲ ನೋಡಿದವರು ನಾವು. ನೋಡಿ, ಗುರುತು ಹಾಕಿ, ಕಳಿಸಿ, ಬಾಯಿ ಮುಚ್ಚಿಕೊಂಡು ಕೂರುವುದಷ್ಟೇ ಅಲ್ಲಿಯವರೆಗೆ ನಮ್ಮ ಪಾಲಿಗೆ ಬಂದಿತ್ತು.

ನಮ್ಮದು ಸಿಂಗಾಪುರದ ಆಂಗ್ ಮೋ ಕಿಯೋ ಬಡಾವಣೆಯ ಇಂಡಸ್ಟ್ರಿಯಲ್ ಪಾರ್ಕಿನಲ್ಲಿರುವ ಸಣ್ಣ ಕಂಪನಿ. ಆಟಗಳ ವಿಡಿಯೊ ತರಿಸಿ, ಎಸೆತಕ್ಕೊಂದು ತುಂಡು ಮಾಡಿ, ಆ ತುಂಡಿನಲ್ಲಿ ಏನಾಯಿತೆಂದು ಬರೆದು, ಲೆಕ್ಕ ಹಾಕಿ ಕ್ಲಬ್‌ಗಳಿಗೆ ಕಳಿಸುತ್ತೇವೆ. ಕ್ರಿಕೆಟ್ ವಿಭಾಗಕ್ಕೆ ಅರ್ಧ ಮಹಡಿ ಇದೆ. ಬೇಸ್‌ಬಾಲ್ ವಿಭಾಗವೆಂದರೆ ಪ್ಯಾಂಟ್ರಿ ಪಕ್ಕದ ಆರು ಮೇಜು. ಅಲ್ಲಿ ಕೂರುವ ನಾವು ಆರೂ ಜನ ಮೈಸೂರು, ಬೆಂಗಳೂರು, ಹುಬ್ಬಳ್ಳಿ, ಚೆನ್ನೈ, ಕೊಲಂಬೊ ಕಡೆಯವರು, ಕ್ರಿಕೆಟ್ ನೋಡುತ್ತ ಬೆಳೆದವರು. ಮೈಸೂರಿನವಳು ನಾನೊಬ್ಬಳೇ. ಅಂಕಿಗಳನ್ನು ಹದಮಾಡಿ, ಯಾರು ಮುಂದೆ ಹೇಗೆ ಆಡಬಹುದೆಂದು ಅಂದಾಜಿಸುವ ಮಾಡೆಲ್ ಕಟ್ಟುವುದು ನನ್ನ ಕೆಲಸ.

ಮೇಲ್ ಬಂದ ಬೆಳಿಗ್ಗೆಯೇ ಬಾಸ್ ನನ್ನನ್ನು ಮೀಟಿಂಗ್ ರೂಮಿಗೆ ಕರೆದರು. ಅವರು ಬಸವನಗುಡಿಯವರು. ಮಾತು ಮೆತ್ತಗೆ. ಸುದ್ದಿ ಕೆಟ್ಟದಿದ್ದಾಗ ಇನ್ನೂ ಮೆತ್ತಗಾಗುತ್ತದೆ.

"ಮೇಡಂ, ಓಪನ್ ಆಗಿ ಹೇಳ್ಬಿಡ್ತೀನಿ. ಈ ಸೀಸನ್‌ಗೆ ಇವ್ರ ಕಾಂಟ್ರಾಕ್ಟ್ ಮುಗಿಯುತ್ತೆ. ಟ್ಯಾಗ್ ಮಾಡೋದನ್ನ ಈಗ ಸಾಫ್ಟ್‌ವೇರೇ ಮಾಡುತ್ತಲ್ಲ, ನೀವ್ಯಾಕೆ ಬೇಕು ಅಂತ ಕೇಳ್ತಿದಾರೆ. ಇದು ಟ್ರಯಲ್. ನಾವು ಏನಾದ್ರೂ ಹೊಸದು ತೋರಿಸಿದ್ರೆ ರಿನ್ಯೂ ಆಗುತ್ತೆ. ಇಲ್ದಿದ್ರೆ ಬೇಸ್‌ಬಾಲ್ ಡೆಸ್ಕ್ ಕ್ಲೋಸ್."

"ಆರು ಜನಾನೂ?"

"ಕ್ರಿಕೆಟ್‌ನಲ್ಲಿ ಒಬ್ರಿಗೋ ಇಬ್ರಿಗೋ ಜಾಗ ಮಾಡಬಹುದು. ಮಿಕ್ಕೋರ ಪಾಸ್..." ಎಂದು ಅವರು ಅಲ್ಲಿಗೇ ನಿಲ್ಲಿಸಿದರು.

ಪೂರ್ತಿ ಹೇಳಬೇಕಾಗಿಯೂ ಇರಲಿಲ್ಲ. ಸಿಂಗಾಪುರದಲ್ಲಿ ನಮ್ಮಂಥವರ ಕೆಲಸ ಹೋದರೆ ವರ್ಕ್ ಪಾಸ್ ಹೋಗುತ್ತದೆ. ಪಾಸ್ ಹೋದರೆ ಮಕ್ಕಳ ಶಾಲೆ, ಬಾಡಿಗೆ ಮನೆ, ಎಲ್ಲವನ್ನೂ ಮಡಚಿಕೊಂಡು ಊರಿಗೆ ಹೊರಡಬೇಕು. ಆ ಮೀಟಿಂಗ್ ರೂಮಿನಿಂದ ಹೊರಗೆ ಬಂದಾಗ ಐದು ಮುಖಗಳು ನನ್ನನ್ನೇ ನೋಡುತ್ತಿದ್ದವು. ಗೋಡೆ ತೆಳು, ಅವರಿಗೆ ಎಲ್ಲವೂ ಕೇಳಿಸಿತ್ತು.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮ ಬೌಲರ್ ಇದ್ದ ಹಾಗೆ ಅಲ್ಲಿ ಪಿಚರ್, ವಿಕೆಟ್ ಕೀಪರ್ ಇದ್ದ ಹಾಗೆ ಕ್ಯಾಚರ್. ಚೆಂಡು ಬ್ಯಾಟರನ ಮುಂದೆ ಹಾದು ನೇರವಾಗಿ ಕ್ಯಾಚರನ ಗ್ಲೌಸಿಗೆ ಹೋಗಬೇಕು, ನಡುವೆ ಪುಟ ಏಳುವ ಪದ್ಧತಿ ಇಲ್ಲ. ಬೀಸಿ ತಪ್ಪಿದರೆ ಒಂದು ಸ್ಟ್ರೈಕ್, ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟು, ಮೂರನೆಯದು ಮಣ್ಣಿಗೆ ಬಿದ್ದಿದ್ದರೆ ಮಾತ್ರ ಕ್ಯಾಚರ್ ಚೆಂಡನ್ನು ಅವನ ಮೈಗೆ ಮುಟ್ಟಿಸಬೇಕು. ರನ್ ಬೇಕಾದರೆ ಮೈದಾನದ ಮೂಲೆಗಳಲ್ಲಿ ಗುರುತಿಟ್ಟ ಮೂರು ಬೇಸ್‌ಗಳನ್ನು ಮುಟ್ಟಿಕೊಂಡು ಹೊರಟ ಜಾಗಕ್ಕೇ ಓಡಿ ಬರಬೇಕು. ಹಾಗಾಗಿ ಮೂರನೆಯ ಬೇಸಿನಲ್ಲಿ ಎದುರಾಳಿಯೊಬ್ಬ ನಿಂತಿದ್ದಾನೆಂದರೆ ಪಿಚರನ ಜೀವ ಬಾಯಿಗೆ ಬಂದಿರುತ್ತದೆ.

ನಮ್ಮನ್ನು ಕೇಳಿದ ಈ ಕ್ಲಬ್ಬಿನಲ್ಲಿ ಪಂದ್ಯದ ಕೊನೆಗೆ ಬಂದು ಕೆಲಸ ಮುಗಿಸಿಕೊಡುವ ಅನುಭವಿ ಪಿಚರ್ ಒಬ್ಬನಿದ್ದ. ಇನ್ನೊಂದು ಕ್ಲಬ್ಬಿಗೆ ಅವನು ಬೇಕಾಗಿದ್ದ. ಅವನನ್ನು ಕೊಟ್ಟರೆ ಕಿರಿಯ ತಂಡಗಳಲ್ಲಿ ಬೆಳೆಯುತ್ತಿರುವ ಈ ಮೂವರು ಪಿಚರ್‌ಗಳಲ್ಲಿ ಒಬ್ಬನನ್ನು ಕೊಡುತ್ತೇವೆ, ಆರಿಸಿಕೊಳ್ಳಿ ಎಂದಿತ್ತು ಆ ಕ್ಲಬ್ಬು. ಹೆಸರು ಹಿಡಿದು ಮಾತಾಡಿದರೆ ಪ್ರೀತಿ ಹುಟ್ಟಿಬಿಡುತ್ತದೆಂದು ನಾವು ಮೂವರಿಗೂ ಅಡ್ಡಹೆಸರಿಟ್ಟೆವು. ಆರಡಿ ಮೀರಿದ, ಬೆಂಕಿಯಂತೆ ಎಸೆಯುವವನು ಲಂಬು. ಎಡಗೈಯವನು ಎಡಚ. ಕುಳ್ಳಗೆ, ದುಂಡಗೆ, ಪ್ಯಾಂಟು ಜಾರೀತೆಂದು ಆಗಾಗ ಮೇಲೆಳೆದುಕೊಳ್ಳುವ ಮೂರನೆಯವನು ಗುಂಡ. ಪ್ರೀತಿ ಹುಟ್ಟಬಾರದೆಂದು ಇಟ್ಟ ಹೆಸರು, ಅದರಿಂದಲೇ ಹುಟ್ಟಿತು, ಆ ಮಾತು ಬೇರೆ.

ಕೆಲಸ ಶುರುವಾಯಿತು. ದೊಡ್ಡ ಮೈದಾನಗಳಲ್ಲಿ ಕ್ಯಾಮೆರಾಗಳೇ ಚೆಂಡಿನ ವೇಗ, ಸುತ್ತು, ಕೈಯಿಂದ ಬಿಟ್ಟ ಎತ್ತರ, ಎಷ್ಟು ಬಾಗಿತು, ಎಷ್ಟು ಕುಸಿಯಿತು ಎಲ್ಲವನ್ನೂ ಅಳೆದು ಕೊಡುತ್ತವೆ. ಕಿರಿಯರ ಕೆಲವು ಮೈದಾನಗಳಲ್ಲಿ ಆ ಸೌಕರ್ಯ ಇರಲಿಲ್ಲ. ಅಲ್ಲಿನ ಪಂದ್ಯಗಳನ್ನು ಕಣ್ಣಿಂದಲೇ ನೋಡಿ ಗುರುತು ಹಾಕಬೇಕಾಯಿತು. ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ನೋಡದೆ ಮತ್ತೆ ಹಾಕುವುದು, ಇಬ್ಬರದೂ ಹೊಂದದಿದ್ದರೆ ಮೂರನೆಯವರು ತೀರ್ಮಾನಿಸುವುದು, ಇದು ನಮ್ಮ ಕ್ರಮ. ಚೆನ್ನೈಯವಳಿಗೂ ಕೊಲಂಬೊದವನಿಗೂ ಈ ತೀರ್ಮಾನಗಳಲ್ಲಿ ದಿನಕ್ಕೊಂದು ಜಗಳ. ನನಗೆ ಆ ಜಗಳಗಳೆಂದರೆ ಇಷ್ಟ, ಎಲ್ಲರೂ ಒಪ್ಪಿಬಿಟ್ಟ ಡೇಟಾವನ್ನು ನಾನು ನಂಬುವುದಿಲ್ಲ.

ಡೇಟಾ ಸೇರಿಸಿ ಕೊಡುವ ಎಂಜಿನಿಯರ್ ಹುಬ್ಬಳ್ಳಿಯವನು. ಎಲ್ಲರ ಎದುರು ಬೆಂಗಳೂರು ಕನ್ನಡ ಆಡುತ್ತಾನೆ, ಟೆನ್ಷನ್ ಆದಾಗ ಊರು ಹೊರಗೆ ಬರುತ್ತದೆ. ಮಾಡೆಲ್ ಓಡಿಸಿದ ದಿನ ಅವನು ನನ್ನ ಮೇಜಿಗೆ ಬಂದು, "ಅಕ್ಕಾ, ರಿಸಲ್ಟ್ ಬಂತು. ಲಂಬು ಫಸ್ಟ್, ಎಡಚ ಸೆಕೆಂಡ್. ಗುಂಡ ಪಾಪ ಲಾಸ್ಟ್ ಬಂದಾನ ನೋಡ್ರಿ" ಎಂದ.

ಬಾಸ್‌ಗೆ ಬಲು ಸಂತೋಷವಾಯಿತು. ಕೊಡುವ ಕ್ಲಬ್ಬಿನ ಮನಸ್ಸಿನಲ್ಲಿದ್ದ ಬೆಲೆಯೂ ಅದೇ ಕ್ರಮದಲ್ಲಿತ್ತು. ಪತ್ರಿಕೆಗಳವರು, ಅಂತರ್ಜಾಲದ ಪಂಡಿತರು, ಎಲ್ಲರೂ ಲಂಬುವಿನ ಹೆಸರನ್ನೇ ಜಪ ಮಾಡುತ್ತಿದ್ದರು. ವರದಿ ಬರೆದು ಕಳಿಸಿಬಿಡಿ ಎಂದರು ಬಾಸ್. ನಾನು ಬರೆಯಲು ಕೂತೆ. ಬರೆಯಲಾಗಲಿಲ್ಲ.

ಕಾರಣ ಗುಂಡನ ಒಂದು ಎಸೆತ. ಅದಕ್ಕೆ ಸ್ಪ್ಲಿಟರ್ ಎನ್ನುತ್ತಾರೆ. ವೇಗದ ಚೆಂಡಿನಂತೆಯೇ ಹೊರಟು ಬರುತ್ತದೆ, ಬ್ಯಾಟರ್ ಬೀಸಲು ಶುರುಮಾಡುತ್ತಾನೆ, ಅಷ್ಟರಲ್ಲಿ ಕಾಲ ಕೆಳಗಿನ ಮೆಟ್ಟಿಲು ತಪ್ಪಿದ ಹಾಗೆ ಚೆಂಡು ಕುಸಿದುಬಿಡುತ್ತದೆ. ಬ್ಯಾಟು ಗಾಳಿಗೆ ಹೋಗುತ್ತದೆ, ಚೆಂಡು ಕ್ಯಾಚರನ ಮುಂದಿನ ಮಣ್ಣಿಗೆ ಬೀಳುತ್ತದೆ. ಕಳೆದ ಸೀಸನ್ನಿನ ಮೊದಲ ಭಾಗದಲ್ಲಿ ಗುಂಡ ಇದನ್ನೆಸೆದು ಎಷ್ಟೋ ಬ್ಯಾಟರ್‌ಗಳನ್ನು ಪೆದ್ದರನ್ನಾಗಿ ಮಾಡಿದ್ದ. ಆಮೇಲೆ ಎಸೆಯುವುದೇ ಕಡಿಮೆಯಾಯಿತು. ಬದಲಿಗೆ ನೇರ ಚೆಂಡು ಎಸೆದು ಚೆನ್ನಾಗಿ ಹೊಡೆಸಿಕೊಂಡ. ಕೈ ಸೋತಿದೆ, ಸ್ಪ್ಲಿಟರ್ ಕೈಬಿಟ್ಟು ಹೋಗಿದೆ ಎಂದು ಎಲ್ಲರ ಅಂದಾಜು. ನಮ್ಮ ಮಾಡೆಲ್ ಕೂಡ ಅದನ್ನೇ ಹೇಳಿತ್ತು.

ಆದರೆ ಅಳತೆಗಳು ಹಾಗೆ ಹೇಳುತ್ತಿರಲಿಲ್ಲ. ಎರಡನೆಯ ಭಾಗದಲ್ಲಿ ಅವನು ಅಪರೂಪಕ್ಕೆ ಎಸೆದ ಸ್ಪ್ಲಿಟರ್‌ಗಳನ್ನು ತೆಗೆದು ನೋಡಿದೆ. ವೇಗ ಅದೇ, ಕುಸಿತ ಅದೇ, ಕೈಯ ಎತ್ತರವೂ ಅದೇ. ಒಂದಿಷ್ಟೂ ಸೋತಿರಲಿಲ್ಲ. ಹಾಗಾದರೆ ಇಷ್ಟು ಒಳ್ಳೆಯ ಚೆಂಡು ಕೈಯಲ್ಲಿಟ್ಟುಕೊಂಡು ಈ ಮಹಾನುಭಾವ ಯಾಕೆ ಎಸೆಯುತ್ತಿಲ್ಲ? ಇನ್ನಷ್ಟು ಬಿಡಿಸಿ ನೋಡಿದೆ. ಬೇಸ್‌ಗಳಲ್ಲಿ ಯಾರೂ ಇಲ್ಲದಾಗ ಎಸೆಯುತ್ತಿದ್ದ. ಮೂರನೆಯ ಬೇಸಿನಲ್ಲಿ ಎದುರಾಳಿ ಬಂದು ನಿಂತನೋ, ಸ್ಪ್ಲಿಟರ್ ಪೂರ್ತಿ ಬಂದ್. ನನಗೆ ಅನ್ನ ಸೇರದಂತಾಯಿತು. ಮನೆಯಲ್ಲಿ ಮಗಳು "ಅಮ್ಮಾ, ಯು ಆರ್ ನಾಟ್ ಲಿಸನಿಂಗ್ ಲಾ" ಎಂದು ಸಿಂಗಾಪುರದ ಧಾಟಿಯಲ್ಲಿ ಮುನಿಸಿಕೊಂಡು ಎದ್ದು ಹೋದಳು.

ಫುಟ್‌ಬಾಲ್ ವಿಭಾಗದಲ್ಲಿ ನನ್ನದೇ ವಯಸ್ಸಿನ ಸಿಂಗಾಪುರದ ಗೆಳತಿಯೊಬ್ಬಳಿದ್ದಾಳೆ. ಶಾಲೆಯ ದಿನಗಳಿಂದ ಬೇಸ್‌ಬಾಲಿನ ತಂಗಿಯಂಥ ಸಾಫ್ಟ್‌ಬಾಲ್ ಆಡುವವಳು, ಅದೂ ಕ್ಯಾಚರ್. ಗಂಟಲು ದೊಡ್ಡದು, ನಾಚಿಕೆ ಚಿಕ್ಕದು. ಪ್ಯಾಂಟ್ರಿಯಲ್ಲಿ ಅವಳನ್ನು ಹಿಡಿದು ಗುಂಡನ ಕಥೆ ಹೇಳಿದೆ. ಅವಳು ಕೋಪಿ ಎಂಬ ಇಲ್ಲಿನ ಕಾಫಿ ಕಲಕುತ್ತ, "ಎಕ್ಸೆಲ್‌ನಲ್ಲಿ ಪಿಚರ್‌ನ ಮೂಡ್ ಕಾಣುತ್ತಾ? ಭಾನುವಾರ ಬಿಶಾನ್‌ಗೆ ಬಾ. ನೆಟ್ ಹಿಂದೆ ನಿಂತು ನೋಡು ಲಾ" ಎಂದಳು ಇಂಗ್ಲಿಷಿನಲ್ಲಿ.

ಹೋದೆ. ಬಿಶಾನ್‌ನ ಶಾಲೆಯೊಂದರ ಮೈದಾನ, ಸುಡುಬಿಸಿಲು, ಎರಡು ಹವ್ಯಾಸಿ ತಂಡಗಳು. ಅಂದು ಅವಳಿಗೆ ಮಂಡಿ ನೋವೆಂದು ಅರ್ಧ ಆಟದ ನಂತರ ಬೇರೊಬ್ಬಳು ಕ್ಯಾಚರ್ ಆದಳು. ನಾನು ಬಲೆಯ ಹಿಂದೆಯೇ ಇದ್ದೆ. ಮೂರನೆಯ ಬೇಸಿನಲ್ಲಿ ಎದುರಾಳಿ. ಪಿಚರ್ ಕೆಳಗಿನ ಚೆಂಡೊಂದನ್ನು ಎಸೆದಳು. ಮಣ್ಣಿಗೆ ತಾಗಿ ಚೆಂಡು ಹೊಸ ಕ್ಯಾಚರಳ ಕಾಲ ಸಂದಿಯಲ್ಲಿ ತೂರಿ ಬಂದು ನನ್ನ ಮುಂದಿನ ಬಲೆಗೆ ಬಡಿಯಿತು. ಎದುರಾಳಿ ಆರಾಮವಾಗಿ ಓಡಿ ಬಂದು ರನ್ ಗಳಿಸಿದಳು. ಅಷ್ಟೇ. ಅಲ್ಲಿಂದ ಮುಂದೆ ಹೊಸ ಕ್ಯಾಚರ್ ಕೆಳಗಿನ ಚೆಂಡಿಗೆ ಸನ್ನೆ ಮಾಡಿದಾಗಲೆಲ್ಲ ಪಿಚರ್ ತಲೆಯಲ್ಲಾಡಿಸಿ ಬೇಡವೆನ್ನತೊಡಗಿದಳು. ಬೇಡ, ಬೇಡ, ಬೇಡ, ನೇರ ಚೆಂಡು. ಬ್ಯಾಟರ್ ಅದನ್ನು ಬೇಲಿಗೆ ಹೊಡೆದಳು.

ಗೆಳತಿ ಮಂಡಿಗೆ ಐಸ್ ಒತ್ತಿಕೊಂಡು ಬಂದು ಪಕ್ಕ ನಿಂತಳು.

"ಹಿಂದೆ ನಿಂತವಳು ಹಿಡೀತಾಳೆ ಅಂತ ನಂಬಿಕೆ ಇದ್ರೆ ತಾನೆ ಕೆಳಗೆ ಎಸೆಯೋದು?" ಎಂದಳು. "ನಿನ್ನ ಹುಡುಗನಿಗೆ ಕ್ಯಾಚ್ ಮಾಡ್ತಿದ್ದವರು ಯಾರು?"

ನನಗೆ ಗೊತ್ತಿರಲಿಲ್ಲ. ನಮ್ಮ ಯಾರಿಗೂ ಗೊತ್ತಿರಲಿಲ್ಲ. ಏಕೆಂದರೆ ಕ್ಯಾಚರ್ ಯಾರು ಎನ್ನುವ ಕಾಲಮನ್ನು ನಾವು ಡೇಟಾ ಶುದ್ಧಿ ಮಾಡುವಾಗಲೇ ಕಿತ್ತು ಹಾಕಿದ್ದೆವು. ಕ್ರಿಕೆಟ್‌ನಲ್ಲಿ ಬೌಲರ್ ಏನು ಎಸೆಯಬೇಕೆಂದು ಬೌಲರೇ ನಿರ್ಧರಿಸುತ್ತಾನೆ, ಕೀಪರ್ ಯಾರೆಂದು ಬೌಲಿಂಗ್ ಲೆಕ್ಕದಲ್ಲಿ ಯಾರೂ ಬರೆಯುವುದಿಲ್ಲ. ಬೇಸ್‌ಬಾಲ್‌ನಲ್ಲಿ ಎಸೆತವನ್ನು ಸೂಚಿಸುವುದೇ ಕ್ಯಾಚರ್. ಅದು ಪುಸ್ತಕದ ಜ್ಞಾನವಾಗಿ ನಮಗೆಲ್ಲ ಗೊತ್ತಿತ್ತು, ಕೈಗೆ ಇಳಿದಿರಲಿಲ್ಲ. ಆರು ಜನರಲ್ಲಿ ಒಬ್ಬರಾದರೂ ಬೇರೆ ಆಟ ಆಡಿ ಬೆಳೆದಿದ್ದರೆ ಅಲ್ಲೇ ಹಿಡಿಯುತ್ತಿದ್ದರು.

ಸೋಮವಾರ ಇದಕ್ಕಿಂತ ದೊಡ್ಡದು ಕಾದಿತ್ತು. ಕಾಲಮ್ ಮರಳಿ ಸೇರಿಸುವುದು ಸುಲಭ, ಪ್ರತಿ ಪಂದ್ಯದ ಸ್ಕೋರಿನಲ್ಲಿ ಕ್ಯಾಚರನ ಹೆಸರು ಇದ್ದೇ ಇರುತ್ತದೆ. ಆದರೆ ಗುಂಡ ತಲೆಯಲ್ಲಾಡಿಸಿ ಬೇಡವೆಂದನೋ ಇಲ್ಲವೋ ನೋಡೋಣವೆಂದರೆ ನಮ್ಮ ಒಂದು ತುಂಡಿನಲ್ಲೂ ಅದು ಇರಲಿಲ್ಲ. ಎಲ್ಲ ತುಂಡುಗಳೂ ಅವನು ಎಸೆಯಲು ಕಾಲೆತ್ತಿದಲ್ಲಿಂದ ಶುರುವಾಗುತ್ತಿದ್ದವು. ಕತ್ತರಿಸುವ ಸಾಫ್ಟ್‌ವೇರ್ ಕ್ರಿಕೆಟ್ ವಿಭಾಗದ್ದು. ಬೌಲರ್ ಓಡಲು ಶುರುಮಾಡಿದ ಮೇಲೆಯೇ ಆಟ, ಅದಕ್ಕೆ ಮುಂಚೆ ಚೆಂಡು ಉಜ್ಜುವುದು, ಫೀಲ್ಡರ್‌ಗೆ ಕೈ ಬೀಸುವುದು ಎಲ್ಲ ಕಸ ಎಂದು ಅದಕ್ಕೆ ಕಲಿಸಿದ್ದರು. ಬೇಸ್‌ಬಾಲ್‌ನಲ್ಲಿ ಅರ್ಧ ಆಟ ನಡೆಯುವುದೇ ಆ ಕಸದಲ್ಲಿ.

"ಇಷ್ಟ್ ದಿನಾ ನಾವು ಊಟ ಬಿಟ್ಟು ಬರೇ ಬಾಳಿ ಎಲಿ ಎಣಿಸಿವಿ ಅಕ್ಕಾ" ಎಂದು ಹುಬ್ಬಳ್ಳಿಯವನು ತಲೆ ಮೇಲೆ ಕೈಹೊತ್ತು ಕೂತ. ಆಮೇಲೆ ಎದ್ದು, ಕತ್ತರಿಸದ ಇಡೀ ವಿಡಿಯೊಗಳನ್ನು ಮತ್ತೆ ತರಿಸುವ ಕೆಲಸಕ್ಕೆ ನಿಂತ. ಆ ಹುಡುಗನಲ್ಲಿ ನನಗೆ ಹಿಡಿಸುವುದು ಇದೇ, ಗೋಳಾಟ ಬೇಗ ಮುಗಿಸುತ್ತಾನೆ.

ವಿಡಿಯೊ ಬಂದವು. ಈಗಿನ ಕ್ಯಾಚರ್‌ಗಳು ಬೆರಳು ಸನ್ನೆ ಮಾಡುವುದು ಕಡಿಮೆ. ಕೈಗೋ ಮಂಡಿಗೋ ಕಟ್ಟಿಕೊಂಡ ಪುಟ್ಟ ಯಂತ್ರದ ಗುಂಡಿ ಒತ್ತುತ್ತಾರೆ, ಯಾವ ಎಸೆತವೆಂದು ಪಿಚರನ ಟೋಪಿಯೊಳಗೆ ಕೇಳಿಸುತ್ತದೆ. ಬೇಡವಾದರೆ ಪಿಚರ್ ತಲೆಯಲ್ಲಾಡಿಸುತ್ತಾನೆ, ಕ್ಯಾಚರ್ ಇನ್ನೊಂದು ಗುಂಡಿ ಒತ್ತುತ್ತಾನೆ. ನಾವು ಅದನ್ನೇ ನೋಡುತ್ತ ಕೂತೆವು. ಮೊದಲ ಭಾಗದಲ್ಲಿ ಗುಂಡನಿಗೆ ಇದ್ದ ಕ್ಯಾಚರ್ ಗಟ್ಟಿಗ. ಚೆಂಡು ಮಣ್ಣಿಗೆ ಬಿದ್ದರೆ ಮಂಡಿಯೂರಿ ಎದೆಯೊಡ್ಡುತ್ತಿದ್ದ. ಅವನಿಗೆ ಬಡ್ತಿ ಸಿಕ್ಕಿ ಮೇಲಿನ ತಂಡಕ್ಕೆ ಹೋದ. ಅವನ ಜಾಗಕ್ಕೆ ಬಂದವನು ಬೇರೆ ಸ್ಥಾನದಲ್ಲಿ ಆಡುತ್ತಿದ್ದವನು, ಪಾಪ, ಕ್ಯಾಚರ್ ಕೆಲಸ ಆಗಷ್ಟೇ ಕಲಿಯುತ್ತಿದ್ದ. ಅವನು ಬಂದ ಹೊಸತರಲ್ಲೇ ಎರಡು ಸಲ ಸ್ಪ್ಲಿಟರ್ ಹಿಂದೆ ಹೋಗಿ ರನ್ ಬಿಟ್ಟಿದ್ದ. ಆಮೇಲೆ ಮೂರನೆಯ ಬೇಸಿನಲ್ಲಿ ಎದುರಾಳಿ ಇದ್ದಾಗಲೆಲ್ಲ ಅದೇ ದೃಶ್ಯ. ಗುಂಡಿ, ತಲೆಯಲ್ಲಾಟ, ಗುಂಡಿ, ಹೂಂ.

ಕೂಡಲೇ ಕುಣಿದಾಡುವ ಹಾಗಿರಲಿಲ್ಲ. ಕೈ ಸೋತ ಕಾಲವೂ ಕ್ಯಾಚರ್ ಬದಲಾದ ಕಾಲವೂ ಒಂದೇ ಆಗಿರಬಹುದಲ್ಲ? ಬೇರೆ ಮಾಡಿ ನೋಡಲು ಒಂದು ದಾರಿ ಇತ್ತು. ಆ ಸೀಸನ್ನಿನ ಕೊನೆಯ ಕಡೆ ಹೊಸಬನಿಗೆ ಪೆಟ್ಟಾಗಿ ಕೆಲವು ಪಂದ್ಯಗಳಲ್ಲಿ ಹಳೆಯ ಹುಲಿಯೊಬ್ಬ ಕ್ಯಾಚರ್ ಆಗಿ ಬಂದಿದ್ದ. ಆ ಪಂದ್ಯಗಳ ವಿಡಿಯೊಗಳನ್ನು ತೆರೆಯಬೇಡಿ ಎಂದೆ. ಮೊದಲು ನಮ್ಮ ಊಹೆ ಏನೆಂದು ಬಿಳಿ ಹಲಗೆಯ ಮೇಲೆ ಎಲ್ಲರೂ ನೋಡುವಂತೆ ಬರೆದೆ: ಕೈ ಸೋತಿದ್ದರೆ ಇಲ್ಲಿಯೂ ಸ್ಪ್ಲಿಟರ್ ಇರುವುದಿಲ್ಲ, ನಂಬಿಕೆ ಸೋತಿದ್ದರೆ ಇಲ್ಲಿ ಅದು ಮರಳಿ ಬರುತ್ತದೆ. ಬರೆದ ಮೇಲೆ ಅಳಿಸುವ ಹಾಗಿಲ್ಲ ಎಂದು ಚೆನ್ನೈಯವಳು ಡಸ್ಟರ್ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು.

ಮೊದಲ ಪಂದ್ಯ ತೆರೆದೆವು. ಮೂರನೆಯ ಬೇಸಿನಲ್ಲಿ ಎದುರಾಳಿ, ಎರಡು ಸ್ಟ್ರೈಕ್. ಹಳೆಯ ಹುಲಿ ಗುಂಡಿ ಒತ್ತಿದ. ಗುಂಡ ಪ್ಯಾಂಟು ಮೇಲೆಳೆದುಕೊಂಡ, ಒಂದೇ ಸಲಕ್ಕೆ ಹೂಂ ಎಂದು ತಲೆ ಬಗ್ಗಿಸಿದ. ಸ್ಪ್ಲಿಟರ್. ಬ್ಯಾಟು ಗಾಳಿಗೆ. ಮುಂದಿನ ಪಂದ್ಯದಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ನಾವು ಆರು ಜನ ಹಾಕಿದ ಕೂಗಿಗೆ ಕ್ರಿಕೆಟ್ ವಿಭಾಗದವರು ಯಾವ ಮ್ಯಾಚೆಂದು ನೋಡಲು ಓಡಿ ಬಂದರು.

ಈಗ ಬಾಸ್‌ರನ್ನು ಒಪ್ಪಿಸಬೇಕಿತ್ತು. ಅವರು ಎಲ್ಲವನ್ನೂ ತಾಳ್ಮೆಯಿಂದ ನೋಡಿದರು.

"ಚೆನ್ನಾಗಿದೆ ಮೇಡಂ. ಆದ್ರೆ ಲಂಬು ಅಂದ್ರೆ ಸೇಫ್. ನಾಳೆ ಅವ್ನು ಕೆಟ್ಟೋದ್ರೂ ಎಲ್ಲರ ಜೊತೆ ನಾವೂ ತಪ್ಪಾದ್ವಿ ಅಷ್ಟೇ. ಗುಂಡ ಕೈಕೊಟ್ರೆ ನಾವೊಬ್ರೇ ತಪ್ಪು."

"ಸರ್, ಎಲ್ಲರೂ ಹೇಳಿದ್ದನ್ನೇ ಹೇಳೋಕೆ ಅವ್ರಿಗೆ ನಾವ್ಯಾಕೆ ಬೇಕು? ಲಂಬು ಅಂತ ಬರೆದ್ರೆ ಡೆಸ್ಕ್ ಇವತ್ತೇ ಕ್ಲೋಸ್ ಆದ ಹಾಗೆ. ಹೆಂಗೂ ಮುಚ್ಚೋದಾದ್ರೆ ಗೊತ್ತಿರೋ ಸತ್ಯ ಹೇಳಿ ಮುಚ್ಚೋಣ."

"ಕೋಪ ಮಾಡ್ಕೋಬೇಡಿ."

"ಮಾಡ್ಕೊಂಡಾಗಿದೆ ಸರ್. ಇನ್ನೂ ಒಂದು ಕೇಳಿ. ನಮ್ಮ ಕ್ಲಬ್‌ನ ಕ್ಯಾಚರ್ ಯಾರು ನೋಡಿ. ಮಣ್ಣಿಗೆ ಬಿದ್ದ ಚೆಂಡು ತಡೆಯೋದ್ರಲ್ಲಿ ಅವನಷ್ಟು ಗಟ್ಟಿಗ ಇಡೀ ಲೀಗ್‌ನಲ್ಲೇ ಕಮ್ಮಿ. ಗುಂಡನ ಬೆಲೆ ಅವ್ರ ಹತ್ರ ಕಮ್ಮಿ, ನಮ್ಮ ಹತ್ರ ಜಾಸ್ತಿ. ಅವ್ರೇ ಅವನನ್ನ ಮೂರನೆಯವನು ಅಂತ ಇಟ್ಟಿದಾರೆ. ಹಾಗಾಗಿ ಗುಂಡನ್ನ ಕೇಳಿ, ಕೊಸರಿಗೆ ಎಡಚನ್ನೂ ಕೇಳ್ಬೇಕು."

ಕೊಸರು ಎಂಬ ಮಾತಿಗೆ ಅವರಿಗೆ ನಗು ಬಂತು. ಕೊನೆಗೆ, "ನಿಮ್ಮ ಹೆಸರಲ್ಲೇ ಹೋಗ್ಲಿ ರಿಪೋರ್ಟು. ಕಾಲ್‌ನಲ್ಲೂ ನೀವೇ ಮಾತಾಡಿ" ಎಂದರು. ತಪ್ಪಾದರೆ ತಲೆ ನನ್ನದೇ ಇರಲಿ ಎಂದೋ, ಸರಿಯಾದರೆ ಹೆಸರು ನನಗೇ ಬರಲಿ ಎಂದೋ, ನಾನು ಕೇಳಲು ಹೋಗಲಿಲ್ಲ.

ಕಾಲ್ ನಮಗೆ ಬೆಳಿಗ್ಗೆ, ಅವರಿಗೆ ಸಂಜೆ. ಆ ಕಡೆ ಕ್ಲಬ್ಬಿನ ಉಪ ವ್ಯವಸ್ಥಾಪಕ, ಪಕ್ಕದಲ್ಲಿ ಗಡ್ಡದ ಪಿಚಿಂಗ್ ಕೋಚ್. ನಾನು ಮೊದಲ ವಾಕ್ಯದಲ್ಲೇ ಹೇಳಿಬಿಟ್ಟೆ, ಮೂರನೆಯವನನ್ನೇ ಕೇಳಿ ಎಂದು. ಕತ್ತರಿಸಿದ ವಿಡಿಯೊಗಳ ವಿಷಯವನ್ನೂ ಮುಚ್ಚಿಡಲಿಲ್ಲ. ಅದನ್ನು ಕೇಳಿ ಕೋಚ್ ಮೇಜು ಕುಟ್ಟಿ ನಕ್ಕ. ಆಮೇಲೆ ಅವನೇ ಕಷ್ಟದ ಪ್ರಶ್ನೆ ಕೇಳಿದ.

"ಒಮ್ಮೆ ಹೆದರಿದ ಪಿಚರ್ ಹೆದರುತ್ತಲೇ ಇರುತ್ತಾನೆ. ನಾನು ಬೇಕಾದಷ್ಟು ಜನರನ್ನು ನೋಡಿದ್ದೇನೆ. ಇವನಿಗೆ ಅದು ಅಭ್ಯಾಸವಾಗಿಲ್ಲ ಎನ್ನುವುದಕ್ಕೆ ಏನು ಗ್ಯಾರಂಟಿ?"

ಹಳೆಯ ಹುಲಿ ಬಂದ ಮೊದಲ ಪಂದ್ಯವನ್ನು ಹಾಕಿದೆ. ಕಾಲೆತ್ತುವುದಕ್ಕೆ ಮುಂಚಿನಿಂದ. ಗುಂಡ ಒಂದೇ ಸಲಕ್ಕೆ ಹೂಂ ಎನ್ನುವಲ್ಲಿ ನಿಲ್ಲಿಸಿದೆ. "ಅವನಿಗೆ ಮರಳಿ ಬರಲು ಒಂದು ಪಂದ್ಯವೂ ಬೇಕಾಗಲಿಲ್ಲ" ಎಂದೆ. ಕೋಚ್ ಮುಂದಕ್ಕೆ ಬಾಗಿ, ಅದನ್ನೇ ಇನ್ನೊಮ್ಮೆ ಹಾಕಿ ಎಂದ. ಮತ್ತೆ ಇನ್ನೊಮ್ಮೆ. ಉಪ ವ್ಯವಸ್ಥಾಪಕ ಥ್ಯಾಂಕ್ಸ್ ಹೇಳಿ ಕಾಲ್ ಮುಗಿಸಿದ.

ವ್ಯಾಪಾರ ಕುದುರಿದ ಸುದ್ದಿಯನ್ನು ನಾನು ಓದಿದ್ದು ಎಂಆರ್‌ಟಿ ಮೆಟ್ರೊ ರೈಲಿನಲ್ಲಿ ನಿಂತುಕೊಂಡು. ಅನುಭವಿ ಪಿಚರನಿಗೆ ಬದಲಾಗಿ ಗುಂಡ ಮತ್ತು ಎಡಚ, ಇಬ್ಬರೂ! ನಾನು ಕೂಗಿದ್ದಕ್ಕೆ ಪಕ್ಕದ ಅಂಕಲ್ ಪೇಪರ್ ಕೆಳಗಿಳಿಸಿ ನೋಡಿದರು. ಆ ಖುಷಿ ಆಫೀಸು ಮುಟ್ಟುವವರೆಗೆ ಮಾತ್ರ. ಅಲ್ಲಿನ ಅಭಿಮಾನಿಗಳು ಕ್ಲಬ್ಬಿನ ಮೇಲೆ ಮುಗಿಬಿದ್ದಿದ್ದರು. ಲಂಬು ಸಿಗುತ್ತಿರುವಾಗ ಈ ಕುಂಬಳಕಾಯಿಯನ್ನು ಯಾರಾದರೂ ತರುತ್ತಾರಾ ಎಂದು ಬರೆದಿದ್ದರು. ಉಪ ವ್ಯವಸ್ಥಾಪಕನಿಗೆ ಬೈಗುಳದ ಸುರಿಮಳೆ. ಕಾಂಟ್ರಾಕ್ಟಿನ ಬಗ್ಗೆ ಬಾಸ್ ಕೇಳಿದರೆ, ಈ ಸೀಸನ್ ಮುಗಿಯುವ ಹೊತ್ತಿಗೆ ನೋಡೋಣ ಎಂಬ ಉತ್ತರ ಬಂತು. ಹುಬ್ಬಳ್ಳಿಯವನು ಬೇರೆ ಕಡೆ ಇಂಟರ್‌ವ್ಯೂಗಳಿಗೆ ಹೋಗಲು ಶುರುಮಾಡಿದ. ನಾನು ತಡೆಯಲಿಲ್ಲ, ತಡೆಯುವ ಬಾಯಿ ನನಗಿರಲಿಲ್ಲ.

ಗುಂಡ ಮೊದಲು ಅವರ ಕಿರಿಯ ತಂಡದಲ್ಲಿ ಆಡಿದ, ಚೆನ್ನಾಗಿಯೇ ಆಡಿದ. ಸೀಸನ್ನಿನ ಕೊನೆಗೆ ಅವನನ್ನು ಮುಖ್ಯ ತಂಡಕ್ಕೆ ಕರೆದರು. ಮೊದಲ ಪಂದ್ಯದ ದಿನ ಬೆಳಿಗ್ಗೆ ಮೀಟಿಂಗ್ ರೂಮಿನ ದೊಡ್ಡ ಪರದೆಯ ಮುಂದೆ ಎಲ್ಲರೂ ಸೇರಿದ್ದೆವು. ಸಾಫ್ಟ್‌ಬಾಲ್ ಗೆಳತಿಯೂ ಬಂದಳು, ಕೈಯಲ್ಲಿ ಎಲ್ಲರಿಗೂ ತೆಂಗಿನ ಹಾಲಿನ ಜಾಮ್ ಹಚ್ಚಿದ ಕಾಯಾ ಟೋಸ್ಟ್. ತಿನ್ನುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಒಂದು ರನ್ನಿನ ಮುನ್ನಡೆ, ಇನ್ನು ಮೂವರನ್ನು ಔಟ್ ಮಾಡಿದರೆ ಗೆಲುವು ಎನ್ನುವಾಗ ಅವನನ್ನು ಇಳಿಸಿದರು. ಇಬ್ಬರು ಔಟಾದರು, ಆದರೆ ಒಬ್ಬ ಹೇಗೋ ಹೊಡೆದು ಮೂರನೆಯ ಬೇಸ್ ತಲುಪಿಬಿಟ್ಟ. ಬ್ಯಾಟ್ ಹಿಡಿದು ಬಂದವನು ಆ ತಂಡದ ಅತಿ ದೊಡ್ಡ ಹೊಡೆತಗಾರ. ಎರಡು ಸ್ಟ್ರೈಕ್ ಆಯಿತು. ಚೆಂಡು ಹಿಂದೆ ಹೋದರೆ ಮುನ್ನಡೆ ಹೋಯಿತು. ಇಡೀ ಮೈದಾನ ಎದ್ದು ನಿಂತು ಕೂಗುತ್ತಿತ್ತು.

ಕ್ಯಾಚರ್ ಗುಂಡಿ ಒತ್ತಿದ. ಗುಂಡ ಹೂಂ ಎಂದು ತಲೆ ಬಗ್ಗಿಸಿದ.

"ಒಪ್ಪಿದಾ! ಒಪ್ಪಿದಾ ನೋಡ್ರಿ!" ಎಂದು ಹುಬ್ಬಳ್ಳಿಯವನು ಎಸೆಯುವ ಮೊದಲೇ ಕುರ್ಚಿ ಹತ್ತಿ ಕಿರುಚಿದ.

ಚೆಂಡು ಸೊಂಟದೆತ್ತರಕ್ಕೆ ಬಂದು, ಬ್ಯಾಟಿನಡಿ ಕುಸಿದು, ಮಣ್ಣಿಗೆ ಬಡಿಯಿತು. ದೊಡ್ಡ ಹೊಡೆತಗಾರ ಬೀಸಿದ ರಭಸಕ್ಕೆ ತಾನೇ ಒಂದು ಸುತ್ತು ತಿರುಗಿದ. ಕ್ಯಾಚರ್ ಮಂಡಿಯೂರಿ ಎದೆಯಲ್ಲಿ ಚೆಂಡನ್ನು ತಡೆದು, ಎತ್ತಿಕೊಂಡು, ಬ್ಯಾಟರನ ಬೆನ್ನಿಗೆ ಮುಟ್ಟಿಸಿದ. ಔಟ್! ಗೆದ್ದೆವು! ನಾವೇ ಎಸೆದವರಂತೆ ಒಬ್ಬರನ್ನೊಬ್ಬರು ಅಪ್ಪಿಕೊಂಡೆವು. ಬಾಸ್ ನನ್ನ ಕೈ ಹಿಡಿದು ಕುಲುಕುತ್ತಲೇ ಇದ್ದರು, ಬಿಡುವುದು ಮರೆತೇಹೋಗಿತ್ತು.

ಮರುದಿನ ಉಪ ವ್ಯವಸ್ಥಾಪಕನ ಕಾಲ್ ಬಂತು. ಬಾಸ್ ಸ್ಪೀಕರ್ ಹಾಕಿದರು. ಕಾಂಟ್ರಾಕ್ಟ್ ಮುಂದುವರಿಸುತ್ತೇವೆ, ಇನ್ನು ಮೇಲೆ ಇಂಥ ಮಾತುಕತೆ ಬಂದಾಗ ಆಟಗಾರರನ್ನು ಅರಸುವ ನಮ್ಮ ಸ್ಕೌಟ್‌ಗಳ ವರದಿಯ ಜೊತೆಗೆ ನಿಮ್ಮ ವರದಿಯೂ ಮೇಜಿನ ಮೇಲೆ ಇರಬೇಕು ಎಂದ. ಚೆನ್ನೈಯವಳು ಅಲ್ಲೇ ಅತ್ತುಬಿಟ್ಟಳು. ನಾನು ಹೇಗೋ ತಡೆದುಕೊಂಡಿದ್ದೆ. ಆಗ ಆ ಮನುಷ್ಯ, "ಇನ್ನೊಂದು ವಿಷಯ. ಪಂದ್ಯ ಮುಗಿದ ಮೇಲೆ ನಿಮ್ಮ ವರದಿಯನ್ನು ಅವನಿಗೆ ತೋರಿಸಿದೆ" ಎಂದ.

"ಏನಂದ?" ಎಂದೆ.

"ಎಲ್ಲರೂ ನಿನ್ನ ಕೈ ಸೋತಿದೆ ಅಂತಿದ್ದಾಗ ಕಾರಣ ಇದು ಅಂತ ನೀನೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಹಳೆಯ ಕ್ಲಬ್ಬಿನ ಆ ಹೊಸ ಕ್ಯಾಚರ್ ಅವನ ರೂಮ್‌ಮೇಟಂತೆ. ನಾನು ಬಾಯಿ ಬಿಟ್ಟಿದ್ದರೆ ಅವನ ಕೆಲಸ ಹೋಗ್ತಿತ್ತು ಅಂದ."

ನಾವು ಆರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ನಾನೂ ಅತ್ತೆ.